ಆಳಿನ ಮಾತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ಎಂದರೆ ವರ್ಷದ ಕಾಯುವಿಕೆ. ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳಲ್ಲಿ ನೀರಾರಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು. ಅಷ್ಟು ದಿನದ ಫಲ ಕೊನೆಗೆ ನಿಲ್ಲುವುದು ಕರಟ ಒಡೆಯುವವಳ ಕೈಯಲ್ಲಿ. ಏಟು ತುಸು ಜೋರಾದರೆ ಉಂಡೆ ಹೋಳು. ಹೋಳಿಗೆ ಉಂಡೆಯ ಬೆಲೆ ಎಲ್ಲಿಂದ ಬರಬೇಕು?

ನಮ್ಮತ್ತೆ ಇದನ್ನು ಬಲ್ಲವರು. ಕೂಲಿಯನ್ನು ಆ ಸಂಜೆಯೇ ಕೊಡುತ್ತಿದ್ದರು, ನಾಳೆ ಬಾ ಎಂದವರಲ್ಲ. ಕೆಲಸ ಶುರು ಮಾಡುವ ಮುನ್ನ ಹಿರಿಯ ಆಳನ್ನು ಅಟ್ಟಕ್ಕೆ ಕರೆದು, “ಹೇಗಿದೆ ನೋಡಮ್ಮ” ಎನ್ನುತ್ತಿದ್ದರು. ಒಂದು ವರ್ಷ ಆಕೆ ನಾಲ್ಕಾರು ಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸಿ, “ಈ ಮೂಲೇದು ಇನ್ನೂ ಹಸಿ ಐತೆ ಕಣಮ್ಮ, ಒಂದು ತಿಂಗ್ಳು ಬಿಡಿ” ಎಂದಳು. ಮಾವನವರಿಗೆ ಸಾಲದ ಕಂತಿನ ಅವಸರ. ಅತ್ತೆ ಆಕೆಯ ಮಾತನ್ನೇ ನಡೆಸಿದರು. ಮಾವ ಎರಡು ದಿನ ಮುಖ ಊದಿಸಿಕೊಂಡಿದ್ದು ಬೇರೆ ಮಾತು.

ಪಕ್ಕದ ತೋಟದಲ್ಲಿ ಒಡೆದ ಉಂಡೆಗೆಲ್ಲ ಕೂಲಿ ಮುರಿಯುತ್ತಿದ್ದರು. ಅಲ್ಲಿಯ ಆಳುಗಳು ಹಸಿ ಕಾಯಿ ಕಂಡರೂ ಬಾಯಿಬಿಡದೆ ಒಡೆದು ಹಾಕುತ್ತಿದ್ದರು. ಹೇಳಿ ಬೈಸಿಕೊಳ್ಳುವವರು ಯಾರು?

ತಿಂಗಳು ತುಂಬಿದ ದಿನ ಆಕೆ ಯಾರೂ ಹೇಳಿಕಳಿಸದಿದ್ದರೂ ಬಂದು, ತಾನೇ ಅಟ್ಟ ಹತ್ತಿ ಮೂಲೆಯ ಕಾಯಿ ಅಲ್ಲಾಡಿಸತೊಡಗಿದಳು.