ಕಿನ್ನಾಳದ ಮನಿಯಿಂದ – 14: ಟಿವಿಯೊಳಗೆ ನಿಂತ ಅಪ್ಪನ ಕೈ

(1/3)

ಮೊದಲನೇ ಫೋಟೋದಲ್ಲಿ ಗರುಡನ್ನ ಬಿಡಿ, ಅದರ ಹಿಂದಿರೋ ಹಳೇ ಲ್ಯಾಪ್‌ಟಾಪ್ ನೋಡಿ. ಪರದೆ ಸೀಳಿದೆ, ಬ್ಯಾಟರಿ ಸತ್ತಿದೆ. ನಮ್ಮ ಮನೆಯ ‘ಸರ್ವರ್’ ಅದೇ. ಅದರೊಳಗೆ ಜೆಲ್ಲಿಫಿನ್ ಹಾಕಿದ್ದೀನಿ. ದುಡ್ಡು ಕೇಳದ ತಂತ್ರಾಂಶ. ಮನೆಯ ವಿಡಿಯೋಗಳನ್ನ ಮನೆಯಲ್ಲೇ ಇಟ್ಟುಕೊಂಡು ಟಿವಿಗೆ, ಮೊಬೈಲಿಗೆ ಬಡಿಸುತ್ತದೆ.

ಬಡಿಸಬೇಕಾಗಿದ್ದದ್ದು ಅಪ್ಪನ ವಿಡಿಯೋ. ಅಪ್ಪ ಹೋಗಿ ಎರಡು ವರ್ಷ ಆಯ್ತು. ನಮ್ಮ ಹತ್ತಿರ ಇರೋದು ಎರಡೇ ಬಗೆ. ಒಂದು, 2006ರಲ್ಲಿ ಮಾಮಾ ಹ್ಯಾಂಡಿಕ್ಯಾಮ್ ತಂದು ಮೂರು ಟೇಪ್ ತುಂಬ ಹಿಡಿದದ್ದು: ಹಗುರ ಕಟ್ಟಿಗೆ ಕೆತ್ತೋದ್ರಿಂದ ಹಿಡಿದು ಬಣ್ಣದವರೆಗೆ ಒಂದು ಪೂರ್ತಿ ಗರುಡ. ಇನ್ನೊಂದು, ಅಪ್ಪ ಹೋಗೋ ಹಿಂದಿನ ವರ್ಷ ತಂಗಿ ಮೊಬೈಲಿನಲ್ಲಿ ತೆಗೆದ ಹನ್ನೊಂದು ನಿಮಿಷ. ಅದರಲ್ಲಿ ಅಪ್ಪನ ಮುಖ ಇಲ್ಲ, ಕೈ ಮಾತ್ರ. ಸೆಣಬಿನ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕೂಡಿಸಿ ಕಿಟ್ಟ ನಾದುವ ಕೈ. ಕಿನ್ನಾಳದ ಗೊಂಬೆಗೆ ಮೈ ಬರೋದೇ ಆ ಕಿಟ್ಟದಿಂದ.

ಅವ್ವನ್ನ ಟಿವಿ ಮುಂದೆ ಕೂರಿಸಿ ಆ ಹನ್ನೊಂದು ನಿಮಿಷ ಹಚ್ಚಿದೆ. ನಾಲ್ಕು ಸೆಕೆಂಡ್ ಓಡಿತು. ನಿಂತಿತು. ಚಕ್ರ ತಿರುಗಿತು. ಮತ್ತೆ ಎರಡು ಸೆಕೆಂಡ್. ಅಪ್ಪನ ಕೈ ಕಿಟ್ಟದ ಮ್ಯಾಲೆ ಹಂಗೇ ನಿಂತುಬಿಡ್ತು. ಅವ್ವ ಸ್ವಲ್ಪ ಹೊತ್ತು ನೋಡಿ ಎದ್ದಳು. “ನಿಮ್ಮಪ್ಪ ಕಿಟ್ಟದಾಗ ಕೈ ಇಟ್ರ ನಡುವ ನಿಲ್ಲಿಸಿದವ್ರಲ್ಲ. ಬಂದ್ ಮಾಡು.”

ಬಂದ್ ಮಾಡಿದೆ. ಆಮೇಲೆ ಹದಿನೈದು ದಿನ ನನಗೆ ಸರಿ ನಿದ್ದಿ ಇಲ್ಲ.

(2/3)

ನಿಮ್ಮ ಮನೆಯಲ್ಲೂ ಹಿಂಗಾದ್ರೆ ಮೊದಲು ಇಂಟರ್ನೆಟ್‌ಗೆ ಬೈಯಬ್ಯಾಡ್ರಿ. ನಾನೂ ಅದನ್ನೇ ಮಾಡಿದ್ದು. ಟಿವಿ, ಲ್ಯಾಪ್‌ಟಾಪ್ ಎರಡೂ ಒಂದೇ ರೂಟರಿಗೆ ಅಂಟಿಕೊಂಡಿದ್ದಾಗ ಹೊರಗಿನ ಇಂಟರ್ನೆಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ವಿಡಿಯೋ ಓಡ್ತಿರೋವಾಗ ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆಗೆದು ನೋಡಿ. ‘ಡೈರೆಕ್ಟ್ ಪ್ಲೇ’ ಅಂತಿದ್ರೆ ಫೈಲು ಇದ್ದ ಹಂಗೇ ಹೋಗ್ತಿದೆ. ‘ಟ್ರಾನ್ಸ್‌ಕೋಡಿಂಗ್’ ಅಂತಿದ್ರೆ ಸರ್ವರ್ ಕೂತಲ್ಲೇ ಇಡೀ ವಿಡಿಯೋವನ್ನ ಬಿಚ್ಚಿ ಬೇರೆ ರೂಪದಲ್ಲಿ ಹೊಸದಾಗಿ ಹೆಣೀತಿದೆ. ಯಾಕೆ ಅನ್ನೋ ಕಾರಣವೂ ಅಲ್ಲೇ ಇರುತ್ತೆ.

ನಮ್ಮ ಕಾರಣ: ಮೊಬೈಲು ತೆಗೆದದ್ದು 4ಕೆ, ಹೆಚ್‌ಇವಿಸಿ. ಜಾಗ ಉಳಿಸೋಕೆ ಈಗಿನ ಫೋನುಗಳು ಬಳಸೋ ರೂಪ ಅದು. ನಮ್ಮ ಟಿವಿಗೆ ಅದು ಗೊತ್ತಿಲ್ಲ, ಹೆಚ್.264 ಮಾತ್ರ ಗೊತ್ತು. ಹಂಗಾಗಿ ಪಾಪ ಈ ಲ್ಯಾಪ್‌ಟಾಪ್ ಪ್ರತಿ ಸಲ ದುಭಾಷಿ ಕೆಲಸ ಮಾಡಬೇಕು. ಪ್ರೊಸೆಸರ್ ನೂರಕ್ಕೆ ನೂರು, ಫ್ಯಾನು ಗಿರಣಿ ಹಂಗೆ.

ಹಾರ್ಡ್‌ವೇರ್ ಆಕ್ಸಲರೇಶನ್ ಅಂತ ಇರುತ್ತೆ, ಗ್ರಾಫಿಕ್ಸ್ ಚಿಪ್ಪಿಗೆ ಆ ಕೆಲಸ ಒಪ್ಪಿಸೋದು. ಖುಷಿಯಾಗಿ ಅಲ್ಲಿದ್ದ ಎಲ್ಲಾ ಟಿಕ್ ಹಾಕಿದೆ. ಈಗ ನಾಲ್ಕು ಸೆಕೆಂಡೂ ಇಲ್ಲ, ನೇರ ‘ಪ್ಲೇಬ್ಯಾಕ್ ಎರರ್’. ಲಾಗ್ ಓದಿ ತಿಳೀತು, ನಮ್ಮದು ಮೂರನೇ ತಲೆಮಾರಿನ ಇಂಟೆಲ್. ಹೆಚ್‌ಇವಿಸಿ ಪೂರ್ತಿ ಬಿಚ್ಚೋ ಶಕ್ತಿ ಆ ಚಿಪ್ಪುಗಳಿಗೆ ಬಂದದ್ದು ಆರನೇ ತಲೆಮಾರಿನಿಂದ, 10 ಬಿಟ್ ಆದರೆ ಏಳರಿಂದ. ಟಿಕ್ ಹಾಕಿದ ಮಾತ್ರಕ್ಕೆ ಚಿಪ್ಪಿಗೆ ಕೈಕಾಲು ಬರಲ್ಲ.

ಕೊನೆಗೆ ದಾರಿ ಸರಳ ಇತ್ತು. ಪ್ರತಿ ಸಲ ಪರಿವರ್ತನೆ ಯಾಕೆ? ಒಂದೇ ಸಲ, ರಾತ್ರಿ, ನಿಧಾನಕ್ಕೆ ಮಾಡಿಟ್ಟರೆ ಆಯ್ತು. ಹ್ಯಾಂಡ್‌ಬ್ರೇಕ್‌ನಲ್ಲಿ ಹೆಚ್.264, 1080ಪಿ, ಧ್ವನಿಗೆ ಎಎಸಿ. ಹನ್ನೊಂದು ನಿಮಿಷಕ್ಕೆ ಒಂದೂವರೆ ಗಂಟೆ ಹಿಡೀತದೆ ಅಂತು. ತೊಂಬತ್ತು ಪರ್ಸೆಂಟ್ ಆಗಿತ್ತು, ಕರೆಂಟ್ ಹೋತು. ಎಂಪಿ4 ಫೈಲಿನ ಸೂಚಿ ಬರೆಯೋದು ಕಟ್ಟಕಡೆಗೆ. ನಡುವೆ ನಿಂತರೆ ಇಡೀ ಫೈಲು ತೆರೆಯೋದೇ ಇಲ್ಲ. ಮರುದಿನ ಎಂಕೆವಿಗೆ ಹಾಕಿದೆ. ಅದು ನಡುವೆ ಕಡಿದರೂ ಅಲ್ಲಿತನಕ ಉಳಿಯುತ್ತೆ. ಅವತ್ತು ಕರೆಂಟ್ ಹೋಗಲೇ ಇಲ್ಲ, ಅದು ಬೇರೆ ಮಾತು.

ಟೇಪಿನದು ಬೇರೆ ರೋಗ. ಅಪ್ಪ ಕೈ ಆಡಿಸಿದಾಗೆಲ್ಲ ಬೆರಳಂಚಿಗೆ ಬಾಚಣಿಗೆ ಹಲ್ಲು. ಆ ಕ್ಯಾಮೆರಾ ಸೆಕೆಂಡಿಗೆ ಐವತ್ತು ಅರ್ಧ ಚಿತ್ರ ಹಿಡಿಯುತ್ತೆ, ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ. ಡಿಇಂಟರ್ಲೇಸ್‌ನಲ್ಲಿ ‘ಬಾಬ್’ ಆರಿಸಿದರೆ ಐವತ್ತೂ ಉಳಿಯುತ್ತವೆ. ಉಳಿಸ್ಕೊಳ್ಳಿ. ಕುಂಚದ ಓಟ ಇರೋದೇ ಅದರಲ್ಲಿ. ಮೂಲ ಫೈಲು ಮಾತ್ರ ಅಳಿಸಬೇಡಿ, ಗಂಟೆಗೆ 13 ಜಿಬಿ ಆದರೂ.

(3/3)

ಈಗ ಬೆಂಗಳೂರಿನಲ್ಲಿರೋ ತಂಗಿಗೆ ತಲುಪಿಸೋದು. ರೂಟರಿನಲ್ಲಿ 8096 ಪೋರ್ಟ್ ತೆರೆದೆ, ಎರಡು ದಿನ ಒದ್ದಾಡಿದೆ, ಬರಲಿಲ್ಲ. ರೂಟರ್ ತೋರಿಸೋ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಶುರು ಆಗಿದ್ರೆ ಒದ್ದಾಡಬೇಡಿ. ಓಣಿಗೆಲ್ಲ ಒಂದೇ ಅಂಚೆಪೆಟ್ಟಿಗೆ ಕೊಟ್ಟಿರ್ತಾರೆ, ನಿಮ್ಮ ಮನೆ ಬಾಗಿಲು ಹೊರಗಿನವರಿಗೆ ಕಾಣೋದೇ ಇಲ್ಲ. ಟೇಲ್‌ಸ್ಕೇಲ್ ಹಾಕಿ ಇಬ್ಬರ ಯಂತ್ರಗಳನ್ನ ಒಂದೇ ಖಾಸಗಿ ಜಾಲಕ್ಕೆ ಸೇರಿಸಿದೆ, ಕೂಡಲೇ ಬಂತು.

ಬಂತು, ಆದರೆ ತಡವರಿಸಿತು. ನಮ್ಮ ಅಪ್‌ಲೋಡ್ ಸಣ್ಣದು. ಹೊರಗಿನವರಿಗೆ ಮಿತಿ 3 ಎಂಬಿಪಿಎಸ್ ಅಂತ ಹಾಕಿದೆ. ಮಿತಿ ಹಾಕಿದ ಕೂಡಲೇ ಸರ್ವರ್ ಮತ್ತೆ ಟ್ರಾನ್ಸ್‌ಕೋಡಿಂಗ್‌ಗೆ ಕೂತಿತು! ಅದಕ್ಕೆ ಸಣ್ಣದೊಂದು 720ಪಿ ಪ್ರತಿ ಬೇರೆ ಮಾಡಿ ಅದೇ ಫೋಲ್ಡರಿನಲ್ಲಿಟ್ಟೆ. ತಂಗಿ ಅದನ್ನ ಆರಿಸಿಕೊಳ್ತಾಳೆ.

ಇಲ್ಲೊಂದು ತಪ್ಪು ಮಾಡಿದೆ. ಅವಳ ಜೊತೆ ಡಿಸೈನ್ ಕಲಿಯೋ ಹುಡುಗರಿಗೆ ಗರುಡ ನೋಡಬೇಕಿತ್ತು. ಒಂದು ಅತಿಥಿ ಖಾತೆ ತೆರೆದುಕೊಟ್ಟೆ. ಆ ಖಾತೆಗೆ ‘ಎಲ್ಲಾ ಲೈಬ್ರರಿ’ ಅನ್ನೋ ಟಿಕ್ ಬಿದ್ದಿತ್ತು. ನಾನು ನೋಡಲಿಲ್ಲ. ಅವರು ಗರುಡನ ಜೊತೆ ಆ ಹನ್ನೊಂದು ನಿಮಿಷವನ್ನೂ ನೋಡಿದರು, ಒಬ್ಬ ತಂಗಿಗೆ ಅಂಟಿನ ಅಳತೆ ಕೇಳಿದ. ಅವಳು ಕಾಕಾಗೆ ಫೋನ್ ಮಾಡಿ ಕೇಳಿದಳು.

ಕಾಕಾ ಸಂಜೆ ಮನೆಗೆ ಬಂದರು. ಸಿಟ್ಟಿಲ್ಲ, ಅದೇ ಕಷ್ಟ. “ನೋಡಪಾ, ಗೊಂಬಿ ಎಲ್ಲಾರೂ ನೋಡ್ಲಿ. ಕಿಟ್ಟದ ಹದ ಮನ್ಯಾಗ ಇರ್ಲಿ.”

ಸ್ಪೀಕರಿನಲ್ಲಿದ್ದ ತಂಗಿ ಬಿಡಲಿಲ್ಲ. “ಮನ್ಯಾಗ ಇರ್ಲಿ ಅಂತೀರಿ ಕಾಕಾ, ಕಲಿಯಾಕ ಮನ್ಯಾಗ ಯಾರ್ ಅದಾರ?”

ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಕೊಪ್ಪಳದ ಅಂಗಡಿಯೊಂದರಲ್ಲಿ ಲೆಕ್ಕ ಬರೀತೀನಿ, ಕಿಟ್ಟ ಮುಟ್ಟಿ ಹತ್ತು ವರ್ಷ.

ಕಿಟ್ಟದಲ್ಲಿ ಏನೇನು ಬೀಳುತ್ತೆ ಅನ್ನೋದು ಈಗ ಗುಟ್ಟಲ್ಲ, ಬರೆದವರು ಬರೆದಿದ್ದಾರೆ. ಎಷ್ಟು ನಾದಬೇಕು, ಯಾವಾಗ ಬಿಡಬೇಕು ಅನ್ನೋದು ಆ ಕೈಯಲ್ಲಿತ್ತು. ನನಗೆ ತಂಗಿ ಹೇಳೋದು ಸರಿ ಅನಿಸುತ್ತೆ. ಆದರೂ ಕಾಕಾ ಮುಂದೆಯೇ ಟಿಕ್ ತೆಗೆದೆ. ಕೊಡೋದಾದ್ರೆ ಅವರು ಕೊಡಬೇಕು, ನನ್ನ ಮರೆವು ಕೊಡಬಾರದು. ಈಗ ಎರಡು ಲೈಬ್ರರಿ ಅದಾವ. ‘ಗೊಂಬಿ’ ಅನ್ನೋದು ಕೇಳಿದವರಿಗೆಲ್ಲ, ‘ಮನಿ’ ಅನ್ನೋದು ನಾಲ್ಕು ಜನಕ್ಕೆ.

ಕಾಕಾ ಹೋಗೋ ಮುಂಚೆ ಆ ಹನ್ನೊಂದು ನಿಮಿಷ ಹಚ್ಚು ಅಂದರು. ಎಲ್ಲೂ ನಿಲ್ಲದೆ ಓಡಿತು. ಏಳನೇ ನಿಮಿಷಕ್ಕೆ ಅವ್ವನೇ ರಿಮೋಟ್ ಒತ್ತಿ ನಿಲ್ಲಿಸಿದಳು. ಹೆಬ್ಬೆರಳಿನಿಂದ ಅಪ್ಪ ಕಿಟ್ಟ ಒತ್ತಿ ನೋಡೋ ಜಾಗ. “ಇಲ್ಲಿ ನೀರು ಕಮ್ಮಿ ಆಗೇದ,” ಅಂದರು ಕಾಕಾ. ಅವ್ವ ಇಲ್ಲ ಅಂದಳು. ಇಬ್ಬರೂ ಅದನ್ನೇ ಮೂರು ಸಲ ತಿರುಗಿಸಿ ನೋಡಿದರು. ಕೊನೇ ಫೋಟೋ ಅದೇ, ಪರದೆ ಕಾಣದ ಹಂಗೆ ತೆಗೆದಿದ್ದೀನಿ.