ಗುದ್ದಲಿಯ ಗುರುತು

ಕಡತವೆಂಬ ಮಾತು ಈಗ ಕಚೇರಿಯ ಮೇಜಿನ ಮೇಲಿರುವ ಕಾಗದದ ಕಟ್ಟಿಗೆ ನಿಂತುಹೋಗಿದೆ. ಪೂರ್ವದಲ್ಲಿ ಅದು ಬಟ್ಟೆಯ ಪುಸ್ತಕ. ನೀಳವಾದ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಇಷ್ಟು ಸುಲಭವಾಗಿ ಅಳಿಯತಕ್ಕ ಬರಹವು ಮಠಗಳಲ್ಲಿಯೂ ಶಾನುಭೋಗರ ಮನೆಗಳಲ್ಲಿಯೂ ತಲೆಮಾರುಗಳ ಕಾಲ ಅಳಿಯದೆ ನಿಂತುದು ಆಶ್ಚರ್ಯವೇ ಸರಿ. ಒರಸುವ ಕೈ ಇದ್ದೂ ಒರಸದೆ ಬಿಟ್ಟವರು ಅನೇಕರಿದ್ದಿರಬೇಕು.

ಬರೆದುದನ್ನು ಕಾಪಾಡಬೇಕೆಂಬ ಬುದ್ಧಿ ಈ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕದ ಮನೆಗೆ ಒಂದು ಪ್ರಕರಣವೇ ಮೀಸಲಾಗಿದೆ. ಅದು ಪೂರ್ವಕ್ಕಾಗಲಿ ಉತ್ತರಕ್ಕಾಗಲಿ ಮುಖಮಾಡಿರಬೇಕು, ಕುಳಿತುಕೊಳ್ಳುವ ಎಡೆಗಳು ಬೇರೆಬೇರೆಯಾಗಿರಬೇಕು, ಪುಸ್ತಕಗಳನ್ನಿಡಲು ಸ್ಥಾನವಿರಬೇಕು ಎಂದು ಅಲ್ಲಿ ವಿಧಿಸಿದೆ. ಆ ಗ್ರಂಥವೇ ಎಷ್ಟೋ ಶತಮಾನಗಳ ಕಾಲ ಪಂಡಿತರ ಕಣ್ಣಿಗೆ ಬೀಳದಿದ್ದು, ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಓಲೆಯ ಕಟ್ಟೊಂದರಲ್ಲಿ ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅಚ್ಚಾದುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಹಾಗೆಯೇ ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ಹಳೆಯ ಕಟ್ಟುಗಳನ್ನು ಬಿಚ್ಚಿಸಿದಾಗ, ೧೭೯೧ರಲ್ಲಿ ಮರಾಠಾ ದಂಡು ಮಠವನ್ನು ಸೂರೆಮಾಡಿದ ತರುವಾಯ ಟಿಪ್ಪೂ ಸುಲ್ತಾನನು ಸ್ವಾಮಿಗಳವರಿಗೆ ಬರೆಯಿಸಿದ ಪತ್ರಗಳು ಹೊರಬಿದ್ದವು. ಇವೆಲ್ಲ ದೊಡ್ಡ ಲಾಭಗಳು. ಆದರೆ ಪತ್ರಾಗಾರದ ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರು ಸುಲ್ತಾನನನ್ನಾಗಲಿ ಕೌಟಿಲ್ಯನನ್ನಾಗಲಿ ಹುಡುಕುವವರಲ್ಲ. ಅವರು ತಮ್ಮ ಮುತ್ತಜ್ಜನನ್ನು ಹುಡುಕಿಕೊಂಡು ಬರುತ್ತಾರೆ.

ಹಾಗೆ ಬಂದವರಲ್ಲಿ ಹಳೆಯ ಮೈಸೂರು ಸೀಮೆಯ ಗೃಹಸ್ಥರೊಬ್ಬರಿದ್ದರು. ಅಂಚೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು ವಿಶ್ರಾಂತರಾದವರು. ಎಂಬತ್ತಾರು ವರ್ಷದ ತಾಯಿಯವರು ಇನ್ನೂ ಗಟ್ಟಿಯಾಗಿರುವಾಗಲೇ ಮನೆತನದ ವಂಶಾವಳಿಯನ್ನು ಸಣ್ಣ ಪುಸ್ತಕವಾಗಿ ಅಚ್ಚುಹಾಕಿಸಿ ಅವರ ಕೈಗೆ ಕೊಡಬೇಕೆಂಬುದು ಅವರ ಅಭಿಲಾಷೆ. ಇಂಥ ಪುಸ್ತಕಗಳನ್ನು ನೋಡಿದವರಿಗೆ ಅವುಗಳ ಮೊದಲ ಪುಟ ಹೇಗಿರುತ್ತದೆಂಬುದು ತಿಳಿದೇ ಇದೆ: ಮೂಲಪುರುಷನು ಮಹಾವಿದ್ವಾಂಸನಾಗಿರುತ್ತಾನೆ, ಯಾವನೋ ಒಬ್ಬ ಅರಸು ಅವನಿಗೆ ತಲೆದೂಗಿ ಭೂಮಿಯನ್ನು ಕೊಟ್ಟಿರುತ್ತಾನೆ. ಈ ಮನೆಯ ಕಥೆಯೂ ಅದೇ. ಮುಮ್ಮಡಿ ಕೃಷ್ಣರಾಜ ಒಡೆಯರು ಮನೆಯ ಹಿರಿಯರ ತರ್ಕಪಾಂಡಿತ್ಯಕ್ಕೆ ಮೆಚ್ಚಿ ಕೆರೆಯ ಕೆಳಗೆ ಖಂಡುಗದ ಗದ್ದೆಯನ್ನು ಧಾರೆಯೆರೆದರೆಂಬುದು. ಗದ್ದೆಯೇನೋ ಹೆಣ್ಣುಮಕ್ಕಳ ಮದುವೆಗಳಲ್ಲಿ ಮಾರಿಹೋಗಿ ಐವತ್ತು ವರ್ಷಗಳಾಗಿದ್ದುವು. ಕಥೆ ಮಾತ್ರ ಉಳಿದಿದ್ದಿತು. ಅದಕ್ಕೊಂದು ಕಾಗದದ ಆಧಾರ ದೊರೆತರೆ ಪುಸ್ತಕದ ಮೊದಲ ಪುಟಕ್ಕೆ ಶೋಭೆ.

ಮೊದಲ ದಿನ ಅವರು ಬಸ್ಸಿನಲ್ಲಿ ನಾಲ್ಕು ಗಂಟೆಗಳ ದಾರಿ ಬಂದು, ಅರ್ಜಿ ಬರೆದುಕೊಟ್ಟು, ಗುರುತಿನ ಚೀಟಿ ತೋರಿಸಿ, ಸೂಚೀಪತ್ರವನ್ನು ಮುಂದಿಟ್ಟುಕೊಂಡು ಕುಳಿತರು. ಸಂಜೆಯವರೆಗೆ ಹುಡುಕಿದರೂ ಹಿರಿಯರ ಹೆಸರು ಸಿಕ್ಕಲಿಲ್ಲ. ಹೊರಡುವ ಹೊತ್ತಿಗೆ ಕಟ್ಟುಗಳನ್ನು ತಂದಿಡುವ ಜವಾನನು ಹತ್ತಿರ ಬಂದು, “ಸ್ವಾಮಿ, ಹೆಸರು ಹಿಡಿದು ಹುಡುಕಿದರೆ ಇಲ್ಲಿ ಏನೂ ಸಿಕ್ಕೋದಿಲ್ಲ. ಊರು ಹೇಳಿ, ಕೆರೆ ಹೇಳಿ” ಎಂದನು.

ಪತ್ರಾಗಾರದ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ. ಪುಸ್ತಕಭಂಡಾರದಲ್ಲಿ ಗ್ರಂಥಗಳನ್ನು ವಿಷಯಾನುಸಾರವಾಗಿ ಜೋಡಿಸುತ್ತಾರೆ. ಇಲ್ಲಿ ಹಾಗಲ್ಲ. ಯಾವ ಕಚೇರಿಯಲ್ಲಿ, ಯಾವ ಕೆಲಸಕ್ಕಾಗಿ ಕಾಗದ ಹುಟ್ಟಿತೋ ಆ ಕ್ರಮದಲ್ಲಿಯೇ ಅದನ್ನು ಉಳಿಸಿಕೊಳ್ಳುತ್ತಾರೆ. ಕಂದಾಯದವರು ಮುತ್ತಜ್ಜನನ್ನು ಬಲ್ಲವರಲ್ಲ. ಅವರು ಬಲ್ಲುದು ಗ್ರಾಮವನ್ನು, ಗದ್ದೆಯನ್ನು, ಸಲ್ಲತಕ್ಕ ಹಣವನ್ನು. ಆದುದರಿಂದ ಹುಡುಕುವವನು ತನಗೆ ಬೇಕಾದುದೇನೆಂಬ ಪ್ರಶ್ನೆಯನ್ನು ಬದಿಗಿಟ್ಟು, ಆ ಕಾಲದ ಗುಮಾಸ್ತನಿಗೆ ಬೇಕಾಗಿದ್ದುದೇನೆಂದು ಕೇಳಿಕೊಳ್ಳಬೇಕು. ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿದವರಿಗೆ ಇದನ್ನು ಗ್ರಹಿಸುವುದು ಕಷ್ಟವಾಗಲಿಲ್ಲ.

ಎರಡನೆಯ ಸಲ ಬಂದಾಗ ಊರಿನ ಹೆಸರನ್ನೂ ಕೆರೆಯ ಹೆಸರನ್ನೂ ಬರೆದುಕೊಟ್ಟರು. ಬ್ರಿಟಿಷ್ ಕಮಿಷನರುಗಳು ಸಂಸ್ಥಾನವನ್ನು ಆಳುತ್ತಿದ್ದ ೧೮೩೧–೧೮೮೧ರ ಅವಧಿಯ ಉತ್ತರಾರ್ಧದಲ್ಲಿ ಇನಾಂ ಭೂಮಿಗಳ ವಿಚಾರಣೆ ನಡೆಯಿತಷ್ಟೆ. ಭೂಮಿ ಅನುಭವಿಸುತ್ತಿದ್ದವರು ತಮ್ಮಲ್ಲಿದ್ದ ಸನ್ನದು ನಿರೂಪಗಳನ್ನು ತಂದು ತೋರಿಸಬೇಕಾಗಿದ್ದಿತು. ವಿಚಾರಣೆಯವರು ಅವುಗಳ ನಕಲನ್ನು ತೆಗೆದಿಟ್ಟು, ಹೇಳಿಕೆಗಳನ್ನು ಬರೆದುಕೊಂಡು, ಕೊನೆಗೆ ತೀರ್ಮಾನ ಮಾಡುತ್ತಿದ್ದರು. ಜವಾನನು ಎತ್ತಿ ತಂದುದು ಅಂಥ ವಿಚಾರಣೆಯ ಕಟ್ಟು. ಕೆಂಪು ಬಟ್ಟೆಯನ್ನು ಬಿಚ್ಚಿದೊಡನೆ ಧೂಳು, ನುಸಿಯ ವಾಸನೆ. ಕೆಲವು ಹಾಳೆಗಳಲ್ಲಿ ಶಾಯಿಯೇ ಕಾಗದವನ್ನು ತಿಂದು ಅಕ್ಷರಗಳಿದ್ದ ಕಡೆ ಅಕ್ಷರದಾಕಾರದ ತೂತುಗಳು. ಅಲ್ಲಿ ಸೀಸದ ಕಡ್ಡಿಯಲ್ಲದೆ ಲೇಖನಿಯನ್ನು ಹಿಡಿಯುವಂತಿಲ್ಲ. ಕೈಫೋನಿನಲ್ಲಿ ಪಟ ಹಿಡಿಯುವುದಕ್ಕೆ ಬೇರೆ ಅಪ್ಪಣೆ ಬೇಕು. ಹಾಳೆ ತಿರುವುವಾಗ ಬೆರಳನ್ನು ನಾಲಗೆಗೆ ಒತ್ತುವ ಅಭ್ಯಾಸವನ್ನು ಬಾಗಿಲಲ್ಲಿಯೇ ಬಿಟ್ಟುಬರಬೇಕು. ಮೂವತ್ತೈದು ವರ್ಷ ಮನಿಯಾರ್ಡರ್ ಫಾರಮುಗಳನ್ನು ತಿರುವಿದ ಬೆರಳಿಗೆ ಈ ನಿಯಮವೇ ಎಲ್ಲಕ್ಕಿಂತ ಕಠಿನವಾಯಿತು.

ಓದುವುದೂ ಸುಲಭವಾಗಿರಲಿಲ್ಲ. ಶಾನುಭೋಗರ ಮೋಡಿಯ ಕನ್ನಡದಲ್ಲಿ ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ. ಕಾಲು, ಅರೆ, ಮುಕ್ಕಾಲುಗಳನ್ನು ಗೀಟುಗಳಲ್ಲಿ ತೋರಿಸಿರುತ್ತದೆ. ಗದ್ದೆಯನ್ನು ಎಕರೆಯಲ್ಲಿ ಅಳೆಯದೆ ಬಿತ್ತುವ ಬೀಜದಲ್ಲಿ ಅಳೆದಿದೆ: ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಮೂರು ದಿನ ಕಣ್ಣು ಪಳಗಿಸಿಕೊಂಡ ಮೇಲೆ ಅಕ್ಷರಗಳು ಬಾಯಿಬಿಟ್ಟುವು. ಅವರು ಪಟ ಹಿಡಿಯುವ ಅಪ್ಪಣೆಗೆ ಕಾಯದೆ ಕೈಯಿಂದಲೇ ಪ್ರತಿಮಾಡತೊಡಗಿದರು. ಹಾಗೆ ಮಾಡಿದುದು ಒಳ್ಳೆಯದೇ ಆಯಿತು. ಪಟದಲ್ಲಿ ಕಣ್ಣು ಜಾರಿಹೋಗುವ ಕಡೆ ಪ್ರತಿಮಾಡುವ ಕೈ ತಡೆದು ನಿಲ್ಲುತ್ತದೆ.

ಕೈ ಮೊದಲು ತಡೆದುದು ‘ಕಟ್ಟುಕೊಡಿಗೆ’ ಎಂಬ ಮಾತಿನಲ್ಲಿ. ಕೆರೆಯನ್ನು ಕಟ್ಟಿದವರಿಗಾಗಲಿ, ಒಡೆದ ಏರಿಯನ್ನು ಸರಿಪಡಿಸಿ ಮುಂದೆಯೂ ದುರಸ್ತಿಯಲ್ಲಿಟ್ಟುಕೊಳ್ಳುವವರಿಗಾಗಲಿ, ಆ ಕೆರೆಯ ಕೆಳಗಣ ಗದ್ದೆಯಲ್ಲಿ ಒಂದು ಭಾಗವನ್ನು ಕಂದಾಯವಿಲ್ಲದೆಯೋ ಹಗುರವಾದ ಕಂದಾಯದ ಮೇಲೆಯೋ ಬಿಟ್ಟುಕೊಡುವುದಕ್ಕೆ ಆ ಹೆಸರು. ಈ ನಾಡಿನ ಕೆರೆಗಳು ಶತಮಾನಗಳ ಕಾಲ ನಿಂತುದು ಇಂಥ ಏರ್ಪಾಟಿನ ಬಲದಿಂದ. ಶಾಸನಗಳಲ್ಲಿಯೂ ಇದು ಕಾಣಸಿಗುತ್ತದೆ. ಅಂದಮೇಲೆ ಖಂಡುಗದ ಗದ್ದೆ ತರ್ಕಪಾಂಡಿತ್ಯಕ್ಕೆ ದೊರೆತ ಸನ್ಮಾನವಲ್ಲ. ಮಣ್ಣು ಹೊತ್ತುದಕ್ಕೆ, ಹೊರಿಸಿದುದಕ್ಕೆ ದೊರೆತ ಕೂಲಿ. ಅದರಲ್ಲಿ ಹೀನತೆಯೇನೂ ಇಲ್ಲ. ಕೆರೆಯನ್ನು ಉಳಿಸಿದವನು ವಾದದಲ್ಲಿ ಗೆದ್ದವನಿಗಿಂತ ಕಡಿಮೆಯವನೆಂದು ಯಾವ ಸ್ಮೃತಿಯೂ ಹೇಳದು. ಆದರೂ ಅವರಿಗೆ ಸ್ವಲ್ಪ ಮುಖ ಬಾಡಿತು.

ಎರಡನೆಯ ತಡೆ ತಿಥಿಯಲ್ಲಿ. ಕಟ್ಟಿನಲ್ಲಿ ಎರಡು ಮುಖ್ಯ ಕಾಗದಗಳಿದ್ದುವು. ಒಂದು ಹಳೆಯ ಮುಚ್ಚಳಿಕೆಯ ನಕಲು. ಇನ್ನೊಂದು ವಿಚಾರಣೆಯಲ್ಲಿ ಕೊಟ್ಟ ಹೇಳಿಕೆ. ಎರಡರಲ್ಲಿಯೂ ಪ್ರಮೋದೂತ ಸಂವತ್ಸರವೆಂದೇ ಇದೆ, ಶಕವರ್ಷವಿಲ್ಲ. ಸೂಚೀಪತ್ರ ಮಾಡಿದವರು ಎರಡನ್ನೂ ೧೮೭೦ಕ್ಕೆ ಸೇರಿಸಿಬಿಟ್ಟಿದ್ದರು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರತಕ್ಕವಾದುದರಿಂದ ಈ ಪ್ರಮಾದ ಪತ್ರಾಗಾರಗಳಲ್ಲಿ ಅಪರೂಪವಲ್ಲ. ಮುಚ್ಚಳಿಕೆಯಲ್ಲಿ ಮಾಸ, ಪಕ್ಷ, ತಿಥಿ, ವಾರಗಳನ್ನು ಕೊಟ್ಟಿದ್ದಿತು. ಸ್ವಾಮಿಕಣ್ಣು ಪಿಳ್ಳೆಯವರ ಕಾಲಗಣನೆಯ ಕೋಷ್ಠಕಗಳನ್ನಿಟ್ಟುಕೊಂಡು ನೋಡಿದಾಗ ತಿಥಿಯೂ ವಾರವೂ ೧೮೭೦ರಲ್ಲಿ ಕೂಡಲಿಲ್ಲ, ೧೮೧೦ರಲ್ಲಿ ಕೂಡಿದುವು. ಹಣವನ್ನು ರೂಪಾಯಿಯಲ್ಲಿ ಹೇಳದೆ ಕಂಠೀರಾಯ ವರಹಗಳಲ್ಲಿ ಹೇಳಿದ್ದುದೂ ಅದಕ್ಕೆ ಒತ್ತಾಸೆಯಾಯಿತು. ಅದು ದಿವಾನ್ ಪೂರ್ಣಯ್ಯನವರ ಆಡಳಿತದ ಕೊನೆಗಾಲ. ವಿದ್ವಾಂಸರಿಗೆ ತಲೆದೂಗಿದರೆನ್ನುವ ಮುಮ್ಮಡಿಯವರು ಆಗ ಹದಿನಾರರ ಹುಡುಗರು.

ಒಂದೇ ವರ್ಷದವೆಂದುಕೊಂಡಿದ್ದ ಎರಡು ಕಾಗದಗಳ ನಡುವೆ ಅರವತ್ತು ವರ್ಷಗಳು ತೆರೆದುಕೊಂಡಾಗಲೇ ಮೂರನೆಯ ತಡೆ. ೧೮೧೦ರ ಮುಚ್ಚಳಿಕೆಯನ್ನು ಬರೆದುಕೊಟ್ಟವರು ಇಬ್ಬರು. ಮೊದಲನೆಯವರು ಈ ಮನೆಯ ಹಿರಿಯರು, ಅವರ ರುಜುವಿದೆ. ಎರಡನೆಯವನು ಊರಿನ ನೀರಗಂಟಿ. ಅಕ್ಷರ ಬಾರದ ರೈತನು ನೇಗಿಲ ಗುರುತು ಹಾಕುವಂತೆ ಅವನು ಗುದ್ದಲಿಯ ಗುರುತು ಹಾಕಿದ್ದನು. ನಕಲು ಮಾಡಿದ ಗುಮಾಸ್ತನು ಶ್ರದ್ಧೆಯುಳ್ಳವನು. ಹಿಡಿ, ಅಲಗು ಎರಡೂ ಕಾಣುವಂತೆ ಆ ಗುದ್ದಲಿಯನ್ನು ಸಹ ಬಿಡಿಸಿಟ್ಟಿದ್ದನು. ಹಣ ಹಾಕತಕ್ಕವರು ಮೊದಲನೆಯವರು, ಆಳುಗಳನ್ನು ಕೂಡಿಸಿ ಏರಿ ಕಟ್ಟತಕ್ಕವನು ಎರಡನೆಯವನು. ಗದ್ದೆ ಇಬ್ಬರಿಗೂ ಹತ್ತು ಹತ್ತು ಕೊಳಗ. ಖಂಡುಗವೆಂದು ಮನೆಯಲ್ಲಿ ಹೇಳುತ್ತಿದ್ದುದು ಈ ಎರಡೂ ಭಾಗಗಳ ಮೊತ್ತವಾಗಿದ್ದಿತು.

೧೮೭೦ರ ಹೇಳಿಕೆಯಲ್ಲಿ ಒಂದೇ ಹೆಸರು. ಬೇರೆ ಹಿಸ್ಸೆದಾರರುಂಟೋ ಎಂಬ ಪ್ರಶ್ನೆಗೆ ಇಲ್ಲವೆಂದು ಉತ್ತರ. ಕೆಳಗೆ ಮುತ್ತಿನಂತಹ ಅಕ್ಷರಗಳಲ್ಲಿ ರುಜು. ಆ ರುಜುವನ್ನು ಅವರು ಬಲ್ಲರು. ಮನೆಯ ದೇವರಪೆಟ್ಟಿಗೆಯಲ್ಲಿರುವ ಪೂಜಾಪದ್ಧತಿಯ ಪುಸ್ತಕದ ಕೊನೆಯಲ್ಲಿ ಅದೇ ಕೈ, ಅದೇ ಸುಳಿ.

ಹೇಳಿಕೆ ಕೊಟ್ಟವರು ಅನೃತವನ್ನಾಡಿದರೋ, ನಡುವೆ ನೀರಗಂಟಿಯ ಮನೆಯವರು ತಮ್ಮ ಭಾಗವನ್ನು ಸಾಲಕ್ಕೋ ಕ್ಷಾಮಕ್ಕೋ ಬಿಟ್ಟುಕೊಟ್ಟಿದ್ದರೋ ಆ ಕಟ್ಟಿನಲ್ಲಿ ಇಲ್ಲ. ಅವರು ಮುಂದಿನ ಎರಡು ಕಟ್ಟುಗಳನ್ನೂ ಬಿಚ್ಚಿಸಿ ನೋಡಿದರು. ಕ್ರಯಪತ್ರವಿಲ್ಲ, ಬಿಡುಗಡೆಯ ಕಾಗದವಿಲ್ಲ. ಇಲ್ಲವೆಂಬ ಮಾತ್ರಕ್ಕೆ ಇರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಶಾಶ್ವತವಾಗಿ ಇಡತಕ್ಕವು, ಗಡುವು ತೀರಿದ ಮೇಲೆ ನಾಶಮಾಡತಕ್ಕವು ಎಂದು ಕಚೇರಿಯ ಕಾಗದಗಳಲ್ಲಿ ಭೇದವುಂಟು. ಎರಡನೆಯ ಜಾತಿಯದು ಸುಟ್ಟುಹೋಗಿದ್ದರೂ ಹೋಗಿರಬಹುದು. ಕಾಗದವನ್ನು ನಂಬಿ ಬಂದವರಿಗೆ ಕಾಗದವು ಇಷ್ಟರಲ್ಲಿ ಕೈಬಿಡುವುದುಂಟು.

ಆ ನೀರಗಂಟಿಯ ಸಂತತಿಯವರು ಈಗಲೂ ಅದೇ ಊರಿನಲ್ಲಿದ್ದಾರೆ. ಅಂಚೆಯ ಗುಮಾಸ್ತರು ಹುಡುಗರಾಗಿದ್ದಾಗ ಆ ಮನೆಯವರು ಈ ಗದ್ದೆಯಲ್ಲಿಯೇ ಕೂಲಿಗೆ ನಾಟಿಹಾಕುತ್ತಿದ್ದುದನ್ನು ಕಣ್ಣಾರೆ ಕಂಡವರು. ಬಸ್ಸಿನಲ್ಲಿ ನಾಲ್ಕು ಗಂಟೆಯೂ ಅವರಿಗೆ ಅದೇ ಎಣಿಕೆ. ಪುಸ್ತಕವನ್ನೇ ಕೈಬಿಡಬಹುದು, ಮೊದಲ ಪುಟವನ್ನು ಹಳೆಯ ಕಥೆಯಂತೆಯೇ ಬಿಡಬಹುದು, ನೂರೈವತ್ತು ವರ್ಷದ ಹಿಂದಿನ ಒಂದು ‘ಇಲ್ಲ’ಕ್ಕೆ ಇಂದು ಯಾರು ಉತ್ತರ ಹೇಳಬೇಕು? ಹಾಗೆ ಬಿಟ್ಟ ಗ್ರಂಥಕರ್ತರು ಹಲವರಿದ್ದಾರೆ, ಅವರ ಪುಸ್ತಕಗಳು ಮದುವೆಮನೆಗಳಲ್ಲಿ ತಾಂಬೂಲದ ಜೊತೆಗೆ ಹಂಚಿಹೋಗಿವೆ.

ರಾತ್ರಿ ಊಟವಾದ ಮೇಲೆ ತಾಯಿಯವರಿಗೆ ಪ್ರತಿಯನ್ನು ಓದಿ ಹೇಳಿದರು. ಆಕೆ ತರ್ಕಪಾಂಡಿತ್ಯ ಹೋದುದಕ್ಕೆ ವ್ಯಸನಪಡಲಿಲ್ಲ. ಎರಡನೆಯ ಹೆಸರು ಬಂದಾಗ ಮಾತ್ರ ಕೈಯೆತ್ತಿ ನಿಲ್ಲಿಸಿದರು.

“ಓಹೋ, ಅದಕ್ಕೋ! ಸುಗ್ಗಿಯಲ್ಲಿ ಕಣ ಎತ್ತುವ ಮೊದಲು ನೀರಗಂಟಿ ಮನೆಗೆ ಅಂತ ಭತ್ತ ಅಳೆಸಿ ಕಳಿಸುತ್ತಿದ್ದರು ನಿಮ್ಮಜ್ಜಿ. ಆಯದ ಭತ್ತ ಬೇರೆ, ಅದು ಬೇರೆ. ಯಾಕತ್ತೆ ಅಂತ ಕೇಳಿದ್ದಕ್ಕೆ, ಕೊಡೋದು ಕಣೇ, ಕೇಳೋದಲ್ಲ, ಅಂದುಬಿಟ್ಟರು.”

“ಯಾವಾಗ ನಿಂತಿತಮ್ಮ ಅದು?”

“ಗದ್ದೆ ಮಾರಿದ ಮೇಲೆ ಕಣ ಎಲ್ಲಿಂದ ಬರಬೇಕು?”

ಗಂಡಸರು ರುಜುಹಾಕಿ ಅಳಿಸಿದುದನ್ನು ಹೆಂಗಸರು ಕೊಳಗದಲ್ಲಿ ಅಳೆದು ಉಳಿಸಿಕೊಂಡು ಬಂದಿದ್ದರು. ಏಕೆಂಬುದನ್ನು ಮಾತ್ರ ಅತ್ತೆ ಸೊಸೆಗೆ ಹೇಳಿರಲಿಲ್ಲ, ಬಹುಶಃ ಅತ್ತೆಗೂ ತಿಳಿದಿರಲಿಲ್ಲ.

ಮರುವಾರ ಅವರು ಆ ಪ್ರತಿಯನ್ನು ಮಡಿಚಿಕೊಂಡು ಊರಿಗೆ ಹೋದರು. ನೀರಗಂಟಿಯ ಮನೆಯಲ್ಲಿ ಒಬ್ಬ ಮುದುಕಿಯೂ ಆಕೆಯ ಮಗನೂ ಇದ್ದರು. ಮೊಮ್ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದರು. “ಏನು ಬುದ್ಧಿ, ಇಷ್ಟು ದೂರ?” ಎಂದು ಚಾಪೆ ಹಾಸಿದರು. ಅವರು ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ೧೮೭೦ರ ‘ಇಲ್ಲ’ವನ್ನೂ ಬಿಡಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಎರಡು ಹೆಸರುಗಳನ್ನೂ ಹಾಕಿಸಬೇಕೆಂದಿರುವುದಾಗಿಯೂ ತಿಳಿಸಿದರು. ಮುದುಕಿಯು ಏನನ್ನೂ ಹೇಳಲಿಲ್ಲ. ಮಗನು ಹಾಳೆಯನ್ನು ಈಸಿಕೊಂಡು, ಅವರು ಸೀಸದ ಕಡ್ಡಿಯಲ್ಲಿ ಬಿಡಿಸಿದ್ದ ಗುದ್ದಲಿಯನ್ನು ಬಹಳ ಹೊತ್ತು ನೋಡುತ್ತಿದ್ದು, “ಇದು ನೀವು ಬರೆದದ್ದು. ಅಲ್ಲಿರೋ ಅಸಲು ನಮಗೂ ತೋರಿಸುತ್ತಾರಾ?” ಎಂದು ಕೇಳಿದನು.

ತೋರಿಸುತ್ತಾರೆ, ನಿಮ್ಮ ಹುಡುಗರನ್ನು ಕರೆದುಕೊಂಡು ಹೋಗಿ, ಎಂದರು ಅವರು. ಅರ್ಜಿ ಹೇಗೆ ಬರೆಯಬೇಕು, ಗುರುತಿನ ಚೀಟಿ ಯಾವುದು ಬೇಕು, ದೃಢೀಕರಿಸಿದ ನಕಲಿಗೆ ಶುಲ್ಕವೆಲ್ಲಿ ಕಟ್ಟಬೇಕು ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಹೊರಟು ಬಾಗಿಲು ದಾಟಿದ ಮೇಲೆ ಮತ್ತೆ ತಿರುಗಿ ಬಂದು, “ಹೆಸರು ಹೇಳಿ ಕೇಳಬೇಡಿ, ಸಿಕ್ಕೋದಿಲ್ಲ. ಊರು ಹೇಳಿ, ಕೆರೆ ಹೇಳಿ” ಎಂದರು.