ಟೋಕಿಯೊ ನಗರದ ಮೂರನೇ ಮಹಡಿಯಲ್ಲಿ

ಅಕ್ಕನ ಮಗಳು ಇರುವುದು ಟೋಕಿಯೊದ ನಿಶಿ-ಕಸಾಯ್‌ನಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಭಾರತೀಯ ಕುಟುಂಬಗಳು ನೆಲೆಯೂರಿರುವ ಬಡಾವಣೆ ಅದು, ತೊಗರಿಬೇಳೆಗೆ ಅಲೆಯಬೇಕಾಗಿಲ್ಲ. "ಚಿಕ್ಕಮ್ಮ, ದೇವಸ್ಥಾನ, ತೋಟ ಎಲ್ಲ ಆಮೇಲೆ ನೋಡಿದರಾಯ್ತು. ಭಾನುವಾರ ಬೆಳಿಗ್ಗೆ ಬೇಗ ಏಳಿ, ಮೊದಲು ಶುಟೊ ಮೇಲೆ ಒಂದು ಸುತ್ತು ಹೋಗಿಬರೋಣ" ಎಂದಳು. ರಸ್ತೆಯನ್ನು ನೋಡುವುದಕ್ಕೆಂದೇ ಹೊರಡುವುದುಂಟೇ ಎಂದು ನಾನು ಕೇಳಲಿಲ್ಲ. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ಬಳಿ ವರ್ಷಗಟ್ಟಲೆ ನಿಂತವರಿಗೆ, ಇನ್ನೊಂದು ಮಹಾನಗರ ಇದೇ ಸಂಕಟವನ್ನು ಹೇಗೆ ದಾಟಿತು ಎಂಬುದಕ್ಕಿಂತ ದೊಡ್ಡ ಕುತೂಹಲ ಇರಲಾರದು.

ಶುಟೊ ಎಕ್ಸ್‌ಪ್ರೆಸ್‌ವೇ ಒಂದು ರಸ್ತೆಯಲ್ಲ, ರಾಜಧಾನಿಯ ತಲೆಯ ಮೇಲೆ ಹೆಣೆದ ಸುಮಾರು 327 ಕಿಲೋಮೀಟರ್ ಉದ್ದದ ಜಾಲ. ದಿನಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷ ವಾಹನಗಳು ಟೋಲ್ ಕೊಟ್ಟು ಇದರ ಮೇಲೆ ಹೋಗುತ್ತವೆ. ನಾವು ಕಸಾಯ್ ಹತ್ತಿರ ರ್‍ಯಾಂಪ್ ಏರಿದೆವು. ಗೇಟಿನಲ್ಲಿ ಕಾರು ನಿಲ್ಲಲಿಲ್ಲ, ತುಸು ನಿಧಾನಿಸಿತು, ಅಷ್ಟೇ; ಒಳಗಿನ ಯಂತ್ರ ಜಪಾನಿ ಭಾಷೆಯಲ್ಲಿ ಏನೋ ಹೇಳಿತು, ಅಡ್ಡಪಟ್ಟಿ ಎದ್ದಿತು. ಇಲ್ಲೂ ನಮ್ಮಂತೆಯೇ ಎಡಗಡೆ ಓಡಿಸುವುದರಿಂದ ಕಣ್ಣಿಗೆ ಗೊಂದಲವಾಗಲಿಲ್ಲ. ಬಲಗಡೆ ಊರು, ಎಡಗಡೆ ಸಮುದ್ರ. ಅರಿಯಾಕೆಯಲ್ಲಿ ಕವಲೊಡೆದು ರೈನ್‌ಬೋ ಸೇತುವೆ ಹತ್ತಿದಾಗ ಕೊಲ್ಲಿಯ ನೀರು, ಹಡಗು, ಕ್ರೇನುಗಳೆಲ್ಲ ಒಮ್ಮೆಗೇ ಕಣ್ಣ ಕೆಳಗೆ ಬಂದವು. 1993ರಲ್ಲಿ ತೆರೆದ ಈ ತೂಗುಸೇತುವೆಗೆ ಎರಡು ಅಂತಸ್ತು: ಮೇಲೆ ನಾವು, ಕೆಳಗೆ ಊರಿನ ಸಾಮಾನ್ಯ ರಸ್ತೆ, ಚಾಲಕನಿಲ್ಲದೆ ಓಡುವ ಪುಟ್ಟ ರೈಲು, ನಡೆದು ಹೋಗುವವರಿಗೆ ಕಾಲುದಾರಿ.

ಆದರೆ ನಾನು ಉಸಿರು ಬಿಗಿಹಿಡಿದದ್ದು ಸೇತುವೆ ಇಳಿದ ಮೇಲೆ. ನಗರದ ನಡುವಿನ ವರ್ತುಲಕ್ಕೆ ಸೇರುತ್ತಿದ್ದಂತೆ ದಾರಿ ಕಿರಿದಾಯಿತು. ಎರಡೂ ಬದಿಯ ಕಟ್ಟಡಗಳ ಮೂರನೇ, ನಾಲ್ಕನೇ ಮಹಡಿಯ ಕಿಟಕಿಗಳು ನಮ್ಮ ಸಮಕ್ಕೆ ಬಂದವು. ಒಂದು ಕಚೇರಿಯಲ್ಲಿ ಮೇಜಿನ ಮೇಲೆ ಹಾಗೇ ಬಿಟ್ಟುಹೋದ ಕಡತ, ಇನ್ನೊಂದು ಕಡೆ ಬಟ್ಟೆ ಒಣಹಾಕುತ್ತಿದ್ದ ಅಜ್ಜಿ. ವೇಗದ ಮಿತಿ ಐವತ್ತು, ಅರವತ್ತು ಅಷ್ಟೇ. ತಿರುವುಗಳು ಅಷ್ಟು ಕಡಿದು. ಕೆಲವು ಕಡೆ ಹೊಸ ವಾಹನಗಳು ಬಲಗಡೆಯಿಂದ, ವೇಗದ ಸಾಲಿಗೇ ಬಂದು ಸೇರುತ್ತವೆ. ಅಕ್ಕನ ಮಗಳು ಮಾತು ನಿಲ್ಲಿಸಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಹೀಗೇಕೆ ಈ ದಾರಿ ಇಷ್ಟು ಬಳುಕುತ್ತದೆ? ಇದು ನೀರಿನ ಜಾಡು ಹಿಡಿದ ದಾರಿ. 1950ರ ದಶಕದಲ್ಲಿ ಟೋಕಿಯೊದ ಬೀದಿಗಳಲ್ಲಿ ವಾಹನಗಳು ಎಷ್ಟು ಬೇಗ ಹೆಚ್ಚಿದವೆಂದರೆ, 1965ರ ಹೊತ್ತಿಗೆ ಸಂಚಾರ ಪೂರಾ ನಿಂತುಹೋದೀತು ಎಂಬ ಭಯ ಹುಟ್ಟಿತ್ತು. 1959ರ ಮೇ ತಿಂಗಳಲ್ಲಿ 1964ರ ಒಲಿಂಪಿಕ್ಸ್ ಟೋಕಿಯೊಗೆ ಸಿಕ್ಕಿತು. ಜೂನ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಕಟ್ಟುವ ಸಾರ್ವಜನಿಕ ನಿಗಮ ಸ್ಥಾಪನೆಯಾಯಿತು. ಕೈಯಲ್ಲಿದ್ದದ್ದು ಐದು ವರ್ಷ. ಮನೆ, ಅಂಗಡಿ ಒಡೆದು ಜಾಗ ಬಿಡಿಸಿಕೊಳ್ಳುತ್ತ ಕೂತರೆ ಪರಿಹಾರದ ಮಾತುಕತೆಯಲ್ಲೇ ಆ ಐದು ವರ್ಷ ಮುಗಿದುಹೋಗುತ್ತಿತ್ತು. ಯಾರ ಖಾಸಗಿ ಸ್ವತ್ತೂ ಅಲ್ಲದ ಜಾಗ ಯಾವುದು? ನದಿ, ಕಾಲುವೆ, ಹಳೆಯ ಕೋಟೆಯ ಕಂದಕ, ಅಗಲವಾದ ಬೀದಿ. ಅವುಗಳ ಮೇಲಿನ ಬರಿದಾದ ಆಕಾಶದಲ್ಲಿ ಕಂಬ ನೆಟ್ಟು ದಾರಿ ಎಳೆದರು. 1962ರ ಡಿಸೆಂಬರಿನಲ್ಲಿ ಕ್ಯೋಬಾಶಿಯಿಂದ ಶಿಬಾವುರಾವರೆಗಿನ ಮೊದಲ 4.5 ಕಿಲೋಮೀಟರ್ ತೆರೆಯಿತು. ಕ್ರೀಡಾಕೂಟದ ಹೊತ್ತಿಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಸಿದ್ಧವಾಗಿತ್ತು. ಹನೇದಾ ವಿಮಾನ ನಿಲ್ದಾಣದಲ್ಲಿ ಇಳಿದವರು ಆಕಾಶಮಾರ್ಗದಲ್ಲೇ ನಗರದೊಳಗೆ ಬಂದರು. ಆ ಎಂಜಿನಿಯರುಗಳ ಮುಂದೆ ಅನುಸರಿಸಲು ಇಂಥ ಇನ್ನೊಂದು ಊರಿನ ಮಾದರಿ ಎಷ್ಟಿದ್ದೀತು? ಅವರ ಧೈರ್ಯಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಗಿಂಜಾ ಬಳಿ ದಾರಿ ಇದ್ದಕ್ಕಿದ್ದಂತೆ ಕೆಳಗಿಳಿಯಿತು. ಇಷ್ಟು ಹೊತ್ತು ಊರಿನ ಮೇಲೆ ಹೋಗುತ್ತಿದ್ದವರು ಈಗ ಊರಿನ ಪಾದದಲ್ಲಿ! ಎರಡೂ ಕಡೆ ಎತ್ತರದ ಗೋಡೆ, ತಲೆಯ ಮೇಲೆ ಒಂದಾದ ಮೇಲೊಂದು ಸೇತುವೆ. "ಇದು ತ್ಸುಕಿಜಿ ನದಿ ಚಿಕ್ಕಮ್ಮ" ಎಂದಳು. ನೀರು ಎಲ್ಲಿ ಎಂದು ಕೇಳುವಷ್ಟರಲ್ಲಿ ತಿಳಿಯಿತು. ಇಲ್ಲಿ ನದಿಯ ಮೇಲೆ ಕಂಬ ನೆಡಲಿಲ್ಲ, ನೀರನ್ನೇ ಬಸಿದು ಪಾತ್ರದಲ್ಲಿ ರಸ್ತೆ ಹಾಸಿದ್ದರು. ದೋಣಿಗಳು ತೇಲುತ್ತಿದ್ದ ತಳದಲ್ಲಿ ನಾವು ಓಡುತ್ತಿದ್ದೆವು. ಮೇಲಿನ ಸೇತುವೆಗಳ ಮೇಲೆ ಜನ ಎಂದಿನಂತೆ ಆಚೆ ಈಚೆ ದಾಟುತ್ತಿದ್ದರು. ಆ ಕ್ಷಣದಲ್ಲಿ ನನ್ನೊಳಗೆ ಬೆರಗು, ಸಂಕಟ ಎರಡೂ ಒಟ್ಟಿಗೇ ಎದ್ದವು. ಕೆರೆಗಳನ್ನು ಬಸ್ ನಿಲ್ದಾಣ, ಕ್ರೀಡಾಂಗಣ ಮಾಡಿಕೊಂಡ ಊರಿನವಳು ನಾನು.

ನಿಹೊನ್‌ಬಾಶಿ ಮೇಲಿನಿಂದ ಒಂದು ಕ್ಷಣ ಮಾತ್ರ ಕಂಡಿತು: ಎರಡು ದಿಕ್ಕಿನ ರಸ್ತೆಗಳ ನಡುವೆ ನಿಂತ, ಜಪಾನಿನ ದಾರಿಗಳ ಮೊದಲ ಬಿಂದುವನ್ನು ಸೂಚಿಸುವ ಕಂಬ. ಅರಮನೆಯ ಹತ್ತಿರ ಸುರಂಗ, ಮತ್ತೆ ಬೆಳಕು, ಕಂದಕದ ಹಸಿರು ನೀರು, ಮತ್ತೆ ಸುರಂಗ. ಅಲ್ಲಿಂದ ಶಿಬುಯಾ ಕಡೆಗೆ. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ 1972ರ ತನ್ನ 'ಸೊಲಾರಿಸ್' ಚಿತ್ರದಲ್ಲಿ ಭವಿಷ್ಯದ ನಗರವನ್ನು ತೋರಿಸಲು ಇದೇ ಟೋಕಿಯೊ ಎಕ್ಸ್‌ಪ್ರೆಸ್‌ವೇಗಳನ್ನು ಚಿತ್ರೀಕರಿಸಿದ್ದ. ಸೆಟ್ ಹಾಕುವ ಅಗತ್ಯವೇ ಅವನಿಗೆ ಬೀಳಲಿಲ್ಲ.

ಓಹಾಶಿ ಜಂಕ್ಷನ್ನಿನ ಬಗ್ಗೆ ಮೊದಲೇ ಓದಿದ್ದೆ. ಓದಿದ್ದು ಅನುಭವಕ್ಕೆ ಏನೇನೂ ಸಾಲದು. ಶಿಬುಯಾದಿಂದ ಬರುವ ರಸ್ತೆ ನೆಲದಿಂದ ಸುಮಾರು 35 ಮೀಟರ್ ಮೇಲಿದೆ, ಅದು ಸೇರಬೇಕಾದ ಸುರಂಗ ನೆಲದಿಂದ ಅಷ್ಟೇ ಆಳದಲ್ಲಿದೆ. ನಡುವಿನ ಎಪ್ಪತ್ತು ಮೀಟರನ್ನು ಇಳಿಸಲು ಅಲ್ಲಿ ಇದ್ದದ್ದು ಮನೆಗಳ ನಡುವಿನ ಒಂದು ತುಂಡು ಜಾಗ. ಹಾಗಾಗಿ ದಾರಿಯನ್ನು ಚಕ್ಕುಲಿ ಒತ್ತಿದಂತೆ ಸುತ್ತಿಸಿ, ಸುತ್ತಲೂ ಕಾಂಕ್ರೀಟಿನ ಗೋಡೆ ಎಬ್ಬಿಸಿ, ಸದ್ದು ಹೊಗೆ ಹೊರಬಾರದಂತೆ ಮೇಲೆ ಮುಚ್ಚಿಬಿಟ್ಟಿದ್ದಾರೆ. 2010ರಲ್ಲಿ ತೆರೆದದ್ದು. ಸುತ್ತಿದೆವು, ಮತ್ತೆ ಸುತ್ತಿದೆವು, ಆಕಾಶವೇ ಮರೆತುಹೋಯಿತು. ಇನ್ನೊಂದು ದಿನ ಅದರ ನೆತ್ತಿಗೆ ಹೋದೆ. ಅಲ್ಲಿರುವುದು ಓರೆಯಾಗಿ ಏರುತ್ತ ಹೋಗುವ ಸಾರ್ವಜನಿಕ ಉದ್ಯಾನ. ಮರ, ಹುಲ್ಲು, ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿದ ಇಬ್ಬರು ಹೆಂಗಸರು. ಕಾಲ ಕೆಳಗೆ ಸಾವಿರಾರು ಕಾರು ಇಳಿಯುತ್ತಿವೆ ಎಂದು ಅಂಗಾಲಿಗೂ ತಿಳಿಯುವುದಿಲ್ಲ.

ಕೆಳಗಿನದು ಯಾಮಾತೆ ಸುರಂಗ. ಉದ್ದ 18.2 ಕಿಲೋಮೀಟರ್, ಪೂರ್ತಿಯಾದದ್ದು 2015ರ ಮಾರ್ಚಿನಲ್ಲಿ. ಮೇಲಿನ ದಾರಿ ಕಟ್ಟಿದರೆ ದಟ್ಟಣೆ ತೀರಿತು ಎಂಬ ಮಾತು ಟೋಕಿಯೊದಲ್ಲಿ ಬಹಳ ದಿನ ನಡೆಯಲಿಲ್ಲ. ಊರಿಗೆ ಕೆಲಸವೇ ಇಲ್ಲದ ಲಾರಿಗಳೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಆ ಚಿಕ್ಕ ವರ್ತುಲಕ್ಕೇ ಬಂದು, ಮೇಲೆಯೂ ವಾಹನಗಳ ಸಾಲು ನಿಲ್ಲತೊಡಗಿತು. ಹೊರಗಿನಿಂದಲೇ ದಾಟಿಸುವ ದೊಡ್ಡ ವರ್ತುಲ ಈ ಸುರಂಗದೊಂದಿಗೆ ಮುಗಿದ ಮೇಲೆ ಒಳಗಿನ ಹೊರೆ ಇಳಿಯಿತು. ಒಂದು ಮೇಲ್ಸೇತುವೆ ಉದ್ಘಾಟನೆಯಾದ ದಿನವೇ ಗೆದ್ದೆವೆಂದು ಹೇಳಿಕೊಳ್ಳುವ ನಮ್ಮ ಊರುಗಳಿಗೆ ಈ ಐವತ್ತು ವರ್ಷದ ತಾಳ್ಮೆಯನ್ನು ಯಾರಾದರೂ ತಲುಪಿಸಬೇಕು.

ಓಯಿಯಲ್ಲಿ ಸುರಂಗದಿಂದ ಹೊರಬಿದ್ದು, ಕೊಲ್ಲಿಯ ದಡ ಹಿಡಿದು ಮತ್ತೆ ಕಸಾಯ್ ಕಡೆ ಬಂದೆವು. ಟೋಲ್ ಎಷ್ಟಾಯಿತೆಂದು ಕೇಳಿದರೆ ಅಕ್ಕನ ಮಗಳು ನಕ್ಕಳು. ಹತ್ತಿದ ಜಾಗಕ್ಕೂ ಇಳಿದ ಜಾಗಕ್ಕೂ ನಡುವಿನ ಅತಿ ಹತ್ತಿರದ ದಾರಿಯನ್ನು ಲೆಕ್ಕ ಹಿಡಿದು ದುಡ್ಡು ತೆಗೆದುಕೊಳ್ಳುತ್ತಾರಂತೆ. ನಡುವೆ ಊರೆಲ್ಲ ಸುತ್ತಿದ್ದಕ್ಕೆ ಲೆಕ್ಕವಿಲ್ಲ.

ಮರುದಿನ ನಿಹೊನ್‌ಬಾಶಿಗೆ ನಡೆದು ಹೋದೆ. ಅಲ್ಲಿ 1603ರಲ್ಲಿ ಮೊದಲ ಸೇತುವೆ ಕಟ್ಟಿದರು. ದೇಶದ ಐದು ಹೆದ್ದಾರಿಗಳು ಹೊರಟದ್ದು ಅಲ್ಲಿಂದ. ಈಗಿರುವ ಕಲ್ಲಿನ ಜೋಡಿ ಕಮಾನು 1911ರದ್ದು. ಕಂಚಿನ ಸಿಂಹಗಳು, ಕಿರಿನ್ ಎಂಬ ಪುರಾಣ ಮೃಗಗಳು ಕಾವಲು ಕೂತಿವೆ. ಅವುಗಳ ತಲೆಯ ಮೇಲೆಯೇ, ನದಿಯ ಉದ್ದಕ್ಕೂ, 1963ರಿಂದ ಉಕ್ಕಿನ ಚಾವಣಿ. ನಡುಹಗಲಲ್ಲೂ ಸೇತುವೆಗೆ ನೆರಳು, ನೀರಿಗೆ ನೆರಳು. ಹಿಂದಿನ ದಿನ ನನ್ನನ್ನು ಹಾರಿಸಿಕೊಂಡು ಹೋದ ದಾರಿಯ ಹೊಟ್ಟೆ ಅದು. 1995ರ ಕೋಬೆ ಭೂಕಂಪದಲ್ಲಿ ಹಾನ್ಶಿನ್ ಎಕ್ಸ್‌ಪ್ರೆಸ್‌ವೇಯ 635 ಮೀಟರ್ ಭಾಗ ಪಕ್ಕಕ್ಕೆ ಮಗುಚಿಬಿದ್ದ ಮೇಲೆ ಟೋಕಿಯೊದ ಕಂಬಗಳಿಗೂ ಉಕ್ಕಿನ ಕವಚ ತೊಡಿಸಿದರು. ಅಷ್ಟು ಜೋಪಾನ ಮಾಡಿದ ದಾರಿಯನ್ನು ಈಗ ನಿಹೊನ್‌ಬಾಶಿ ಸುತ್ತಮುತ್ತ ನೆಲದೊಳಕ್ಕೆ ಕಳಿಸುತ್ತಿದ್ದಾರೆ. ಸುಮಾರು 1.8 ಕಿಲೋಮೀಟರ್ ಕಾಮಗಾರಿ, 32,000 ಕೋಟಿ ಯೆನ್ ಅಂದಾಜು. 2035ಕ್ಕೆ ಸುರಂಗ, 2040ಕ್ಕೆ ಮೇಲಿನ ಸೇತುವೆ ತೆಗೆದು ಮುಗಿಸುವುದು. ಕೆಲಸ ಶುರುವಾಗಿದೆ, 2021ರ ಮೇ ತಿಂಗಳಲ್ಲೇ ಅಲ್ಲಿನ ಎರಡು ರ್‍ಯಾಂಪ್‌ಗಳನ್ನು ಮುಚ್ಚಿದರು.

ಕಟ್ಟಿದವರನ್ನು ಹಳಿಯುವ ಮಾತು ನನ್ನಲ್ಲಿ ಹುಟ್ಟಲಿಲ್ಲ. ಅವರು ತಮ್ಮ ಕಾಲದ ಉಸಿರುಗಟ್ಟನ್ನು ಬಿಡಿಸಿದರು. ಇಂದಿನವರು ತಮ್ಮ ಕಾಲಕ್ಕೆ ಬೇಕಾದ ಬೆಳಕಿಗೆ ದುಡ್ಡು ಸುರಿಯುತ್ತಿದ್ದಾರೆ. ಗಿಂಜಾ ಸುತ್ತ ಇನ್ನೊಂದು ಎತ್ತರದ ದಾರಿಯಿತ್ತು, ಸುಮಾರು ಎರಡು ಕಿಲೋಮೀಟರಿನದು. ಕೆಳಗಿನ ಅಂಗಡಿಗಳ ಬಾಡಿಗೆಯಿಂದಲೇ ನಡೆಯುತ್ತಿದ್ದುದರಿಂದ ಅದಕ್ಕೆ ಟೋಲ್ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅದನ್ನು ವಾಹನಗಳಿಗೆ ಮುಚ್ಚಿ, ಜನ ನಡೆದಾಡುವ ಗಿಡಮರಗಳ ದಾರಿಯಾಗಿಸಲು ಹೊರಟಿದ್ದಾರೆ. ಅದು ಸಿದ್ಧವಾದಾಗ ನಡೆಯಲು ಬರುತ್ತೇನೆ ಎಂದೆ.

"2040ಕ್ಕೂ ಟಿಕೆಟ್ ಮಾಡಿಸಿಟ್ಟುಕೊಳ್ಳಿ ಚಿಕ್ಕಮ್ಮ" ಎಂದಳು ಅಕ್ಕನ ಮಗಳು. "ನಿಹೊನ್‌ಬಾಶಿಗೆ ಬಿಸಿಲು ಬೀಳೋದನ್ನ ಒಟ್ಟಿಗೇ ನೋಡೋಣ."